ಮತದ ಗುಟ್ಟು, ಮತದ ಹೊಣೆ: ಮಿಲ್ಲನ ಒಂದು ವಾದದ ಪರಿಶೀಲನೆ

೧

ಕನ್ನಡದಲ್ಲಿ ‘ಮತ’ ಎಂಬ ಶಬ್ದ ಮೂರು ಅರ್ಥಗಳಲ್ಲಿ ಬಳಕೆಯಾಗುತ್ತದೆ. ಒಬ್ಬನ ಅಭಿಪ್ರಾಯ ಅವನ ಮತ. ಅವನು ನಂಬಿ ನಡೆಯುವ ಧರ್ಮ ಅವನ ಮತ. ಚುನಾವಣೆಯ ದಿನ ಅವನು ಪೆಟ್ಟಿಗೆಗೆ ಹಾಕುವುದೂ ಮತವೇ. ಸಂಸ್ಕೃತದಲ್ಲಿ ಈ ಶಬ್ದಕ್ಕೆ ‘ಭಾವಿಸಿದ್ದು’ ಎಂಬುದು ಮೂಲಾರ್ಥವಾದ್ದರಿಂದ ಮೂರಕ್ಕೂ ಒಳಗೊಂದು ನಂಟಿದೆ. ಆದರೆ ಈ ನಂಟೇ ಒಂದು ತೊಡಕಿಗೂ ಕಾರಣವಾಗಿದೆ. ಹೆಸರು ಒಂದೇ ಆದ್ದರಿಂದ, ಒಂದಕ್ಕೆ ಸಲ್ಲುವ ನಿಯಮ ಉಳಿದೆರಡಕ್ಕೂ ಸಲ್ಲುತ್ತದೆಂದು ಭಾವಿಸುವುದು ಸುಲಭ. ಮತಗಟ್ಟೆಯ ಮರೆಯಲ್ಲಿ ಕೊಟ್ಟ ಮತ ರಹಸ್ಯ. ಆದ್ದರಿಂದ ರಾಜಕೀಯ ಅಭಿಪ್ರಾಯವೂ ರಹಸ್ಯವಾಗಿರತಕ್ಕದ್ದು, ಅದನ್ನು ನಾಲ್ವರೆದುರು ಆಡುವುದು ಸಭ್ಯತೆಯಲ್ಲ ಎಂಬ ನಿಲುವು ಓದಿದವರಲ್ಲಿ, ಅದರಲ್ಲೂ ಊರು ಬಿಟ್ಟು ಪರಪ್ರಾಂತದಲ್ಲಿ ನೆಲೆಸಿದವರಲ್ಲಿ, ಬಹುಮಟ್ಟಿಗೆ ರೂಢವಾಗಿದೆ. ಇದಕ್ಕೆ ತದ್ವಿರುದ್ಧವಾದ ನಿಲುವೂ ಉಂಟು. ಪ್ರಾಮಾಣಿಕನಾದವನು ತನ್ನ ಮತವನ್ನು ಮುಚ್ಚಿಡುವುದೇಕೆ, ಹತ್ತು ಜನರೆದುರು ಹೇಳಲು ನಾಚುವಂತಹ ಮತವನ್ನು ಕೊಡುವುದಾದರೂ ಏಕೆ ಎಂಬುದು ಆ ಪಕ್ಷದವರ ಪ್ರಶ್ನೆ.

ಈ ಎರಡನೆಯ ಪಕ್ಷವನ್ನು ಅತ್ಯಂತ ಸಮರ್ಥವಾಗಿ ಮಂಡಿಸಿದವರಲ್ಲಿ ಜಾನ್ ಸ್ಟುವರ್ಟ್ ಮಿಲ್ ಒಬ್ಬನು. ವ್ಯಕ್ತಿಸ್ವಾತಂತ್ರ್ಯದ ಪ್ರತಿಪಾದಕನೆಂದು ಹೆಸರಾದ ಈ ಲೇಖಕ ಗುಪ್ತ ಮತದಾನವನ್ನು ವಿರೋಧಿಸಿದನೆಂಬುದು ಅನೇಕರಿಗೆ ಆಶ್ಚರ್ಯದ ಸಂಗತಿ. ಅವನ ತಂದೆ ಜೇಮ್ಸ್ ಮಿಲ್ ಗುಪ್ತ ಮತದಾನದ ಕಟ್ಟಾ ಪಕ್ಷಪಾತಿಯಾಗಿದ್ದನು. ಮಗನೂ ಮೊದಲು ಅದೇ ಪಕ್ಷದಲ್ಲಿದ್ದು, ಕಾಲಕ್ರಮದಲ್ಲಿ ಅಭಿಪ್ರಾಯವನ್ನು ಬದಲಿಸಿದನು. ಪಾರ್ಲಿಮೆಂಟಿನ ಸುಧಾರಣೆಯನ್ನು ಕುರಿತು ೧೮೫೯ರಲ್ಲಿ ಪ್ರಕಟಿಸಿದ ಕಿರುಹೊತ್ತಗೆಯಲ್ಲಿ ಹೇಳಿದ್ದನ್ನೇ ಅವನು ಪ್ರಾತಿನಿಧಿಕ ಸರ್ಕಾರವನ್ನು ಕುರಿತ ೧೮೬೧ರ ತನ್ನ ಗ್ರಂಥದ ಹತ್ತನೆಯ ಅಧ್ಯಾಯದಲ್ಲಿ ವಿಸ್ತಾರವಾಗಿ ಬಳಸಿಕೊಂಡಿದ್ದಾನೆ. ಆ ಅಧ್ಯಾಯ ಇಂದಿಗೂ ವಿಚಾರಾರ್ಹವಾದದ್ದು. ಅದನ್ನು ಒಪ್ಪುವುದಕ್ಕಾಗಲಿ ತಳ್ಳುವುದಕ್ಕಾಗಲಿ ಮೊದಲು ಅದರ ತಿರುಳನ್ನು ನ್ಯಾಯವಾಗಿ ತಿಳಿಯಬೇಕು.

೨

ಮಿಲ್ಲನ ವಾದದ ಬುಡದಲ್ಲಿರುವುದು ಒಂದೇ ಮಾತು: ಮತ ಎಂಬುದು ಮತದಾರನ ಸ್ವತ್ತಲ್ಲ, ಅವನ ಕೈಯಲ್ಲಿಟ್ಟ ನ್ಯಾಸ. ಸ್ವತ್ತಾಗಿದ್ದರೆ ಅದನ್ನು ಮಾರುವುದನ್ನು ತಪ್ಪೆನ್ನಲು ಆಧಾರವೇ ಇರುತ್ತಿರಲಿಲ್ಲ. ನ್ಯಾಸವಾದ್ದರಿಂದ ಅದನ್ನು ಸಮಾಜದ ಹಿತಕ್ಕಾಗಿಯೇ ಬಳಸಬೇಕು. ನ್ಯಾಯಾಲಯದ ಪಂಚನು ತೀರ್ಪು ಕೊಡುವಾಗ ತನ್ನ ಇಷ್ಟಾನಿಷ್ಟಗಳನ್ನು ಹೇಗೆ ಹೊರಗಿಡಬೇಕೋ ಮತದಾರನೂ ಹಾಗೆಯೇ ನಡೆಯಬೇಕು. ಮರೆಯಲ್ಲಿ ಮತ ಕೊಡುವ ಏರ್ಪಾಡು ಈ ತಿಳಿವಳಿಕೆಯನ್ನು ಕೆಡಿಸುತ್ತದೆ; ಮತ ತನಗಾಗಿಯೇ ಇದೆ, ತನ್ನ ಲಾಭಕ್ಕೂ ತನ್ನ ದ್ವೇಷಕ್ಕೂ ಬಳಸಬಹುದು ಎಂಬ ಭಾವನೆಯನ್ನು ಮತದಾರನಲ್ಲಿ ಬಿತ್ತುತ್ತದೆ ಎಂಬುದು ಅವನ ಆಕ್ಷೇಪ. ಬಹಿರಂಗದಲ್ಲಿ ಮತ ಕೊಡುವವನಾದರೋ ಯಾರು ಕೇಳಿದರೂ ಹೇಳಬಹುದಾದ ಒಂದು ಕಾರಣವನ್ನು ಸಿದ್ಧವಾಗಿಟ್ಟುಕೊಂಡಿರಬೇಕಾಗುತ್ತದೆ.

ಆಗಿನ ಬ್ರಿಟನ್ನಿನ ಸ್ಥಿತಿಯೂ ಈ ವಾದಕ್ಕೆ ಬಲ ಕೊಟ್ಟಿತ್ತು. ೧೮೩೨ರ ಸುಧಾರಣೆಯ ಅನಂತರವೂ ಇಂಗ್ಲೆಂಡಿನಲ್ಲಿ ವಯಸ್ಕ ಪುರುಷರ ಪೈಕಿ ಸುಮಾರು ಐವರಲ್ಲಿ ಒಬ್ಬನಿಗೆ ಮಾತ್ರ ಮತವಿತ್ತು. ಹೆಂಗಸರಿಗೆ ಇರಲೇ ಇಲ್ಲ. ಮತವುಳ್ಳವನು ಮತವಿಲ್ಲದವರ ಪರವಾಗಿಯೂ ಆಯ್ಕೆ ಮಾಡುತ್ತಿದ್ದನು. ಅವನು ಏನು ಮಾಡಿದನೆಂದು ತಿಳಿಯುವ ಹಕ್ಕು ಅವರಿಗಿಲ್ಲವೇ ಎಂದು ಮಿಲ್ ಕೇಳಿದ್ದು ಅಸಂಗತವಲ್ಲ.

ಅವನು ಏಕಪಕ್ಷೀಯವಾಗಿ ಬರೆದವನೂ ಅಲ್ಲ. ಬಹಿರಂಗ ಮತದಾನವು ಮತದಾರನನ್ನು ಸಾರ್ವಜನಿಕರಿಗೆ ಹೊಣೆಯಾಗಿಸುವ ಬದಲು ಯಾವನೋ ಒಬ್ಬ ಪ್ರಬಲನಿಗೆ ಅಡಿಯಾಳಾಗಿಸುವ ಕಡೆ ಗುಪ್ತತೆಯೇ ಲೇಸೆಂದು ಅವನು ಒಪ್ಪಿದ್ದಾನೆ. ರೋಮಿನ ಗಣರಾಜ್ಯದ ಇಳಿಗಾಲವನ್ನು ಅದಕ್ಕೆ ನಿದರ್ಶನವಾಗಿ ಕೊಟ್ಟಿದ್ದಾನೆ. ಆದರೆ ತನ್ನ ಕಾಲದ ಬ್ರಿಟನ್ನಿನಲ್ಲಿ ಅಂತಹ ಬಲಾತ್ಕಾರ ಕ್ಷೀಣಿಸುತ್ತಿದೆ, ಇನ್ನು ಅಂಜಬೇಕಾದದ್ದು ಒಡೆಯನ ದರ್ಪಕ್ಕಲ್ಲ, ಮತದಾರನ ಸ್ವಾರ್ಥಕ್ಕೆ ಎಂಬುದು ಅವನ ತೀರ್ಮಾನ.

೩

ಈ ವಾದದಲ್ಲಿ ಮೂರು ದೌರ್ಬಲ್ಯಗಳು ಕಾಣುತ್ತವೆ.

ಮೊದಲನೆಯದು ಅವನು ಆಯ್ದ ಉಪಮಾನದಲ್ಲಿಯೇ ಇದೆ. ಪಂಚರ ತೀರ್ಪು ಬಹಿರಂಗವಾಗಿ ಪ್ರಕಟವಾಗುವುದು ನಿಜ. ಆದರೆ ಅವರ ಸಮಾಲೋಚನೆ ನಡೆಯುವುದು ಮುಚ್ಚಿದ ಬಾಗಿಲಿನ ಹಿಂದೆ. ಯಾವ ಪಂಚನು ಮೊದಲು ಯಾವ ಕಡೆ ಇದ್ದನು, ಯಾರು ಹಟ ಹಿಡಿದರು, ಯಾರು ಮಣಿದರು ಎಂಬುದು ಹೊರಗಿನವರಿಗೆ ತಿಳಿಯದಂತೆ ಇಂಗ್ಲೆಂಡಿನ ಪದ್ಧತಿ ಎಚ್ಚರ ವಹಿಸುತ್ತದೆ. ಆರೋಪಿಯ ಕಡೆಯವರೂ ಅವನ ವೈರಿಗಳೂ ಪಂಚನ ಮನೆಬಾಗಿಲಿಗೆ ಬರಬಾರದೆಂಬುದೇ ಇದರ ಉದ್ದೇಶ. ಹಾಗಾದರೆ ನ್ಯಾಸವನ್ನು ನಿರ್ವಹಿಸುವವನಿಗೂ ಮರೆ ಬೇಕಾಗುತ್ತದೆಂದು ಆ ಉಪಮಾನವೇ ಸಾರುತ್ತದೆ. ಒಟ್ಟು ತೀರ್ಪು ಬಹಿರಂಗ, ಒಬ್ಬೊಬ್ಬನ ಮತ ಗುಪ್ತ ಎಂಬ ಪಂಚರ ಪದ್ಧತಿಯೇ ಚುನಾವಣೆಯದೂ ಆಗಿದೆ.

ಎರಡನೆಯದು ಸಂಗತಿಗೆ ಸಂಬಂಧಿಸಿದ್ದು. ಬಲಾತ್ಕಾರದ ಕಾಲ ಮುಗಿಯಿತೆಂದು ಮಿಲ್ ಬರೆದ ಏಳು ವರ್ಷಗಳಲ್ಲಿಯೇ, ಎಂದರೆ ೧೮೬೮ರ ಚುನಾವಣೆಯ ಅನಂತರ, ವೇಲ್ಸಿನಲ್ಲಿ ಒಡೆಯರ ಇಚ್ಛೆಗೆ ವಿರುದ್ಧವಾಗಿ ಮತ ಕೊಟ್ಟ ಗೇಣಿದಾರರನ್ನು ಭೂಮಿಯಿಂದ ಬಿಡಿಸಿದ ಪ್ರಕರಣಗಳು ನಡೆದವು. ಯಾರು ಯಾರಿಗೆ ಮತ ಕೊಟ್ಟರೆಂಬುದು ಪುಸ್ತಕದಲ್ಲಿ ದಾಖಲಾಗುತ್ತಿದ್ದ ಕಾಲದಲ್ಲಿ ಒಡೆಯನಿಗೆ ಗೂಢಚಾರರ ಅಗತ್ಯವೇ ಇರಲಿಲ್ಲ. ಆಸ್ಟ್ರೇಲಿಯದ ವಿಕ್ಟೋರಿಯ ಮತ್ತು ದಕ್ಷಿಣ ಆಸ್ಟ್ರೇಲಿಯ ವಸಾಹತುಗಳು ೧೮೫೬ರಲ್ಲಿಯೇ ಗುಪ್ತ ಮತದಾನವನ್ನು ಜಾರಿಗೆ ತಂದಿದ್ದವು. ಬ್ರಿಟನ್ ೧೮೭೨ರ ಕಾಯಿದೆಯಿಂದ ಅದೇ ದಾರಿ ಹಿಡಿಯಿತು. ತತ್ತ್ವಜ್ಞನಿಗೆ ಕಾಣದೆ ಹೋದ ಭಯವು ಗೇಣಿದಾರನಿಗೆ ಕಂಡಿತ್ತು.

ಮೂರನೆಯ ದೌರ್ಬಲ್ಯ ಇನ್ನೂ ಮೂಲಭೂತವಾದದ್ದು. ಮತವನ್ನು ಮಾರಬಾರದೆಂಬ ಹೊಣೆಗೆ ಗುಪ್ತತೆ ಶತ್ರುವೆಂದು ಮಿಲ್ ಬಗೆದನು. ವ್ಯಾಪಾರದ ನಿಯಮ ಬೇರೆಯೇ ಮಾತನ್ನು ಹೇಳುತ್ತದೆ. ಹಣ ಕೊಟ್ಟವನಿಗೆ ಸರಕು ಸಂದಿತೇ ಇಲ್ಲವೇ ಎಂದು ತಿಳಿಯುವ ದಾರಿಯಿಲ್ಲದ ಕಡೆ ವ್ಯಾಪಾರ ಕುದುರುವುದು ಕಷ್ಟ. ಬಹಿರಂಗ ಮತದಾನದಲ್ಲಿ ಕೊಂಡವನು ಲೆಕ್ಕ ನೋಡಬಲ್ಲನು. ಗುಪ್ತ ಮತದಾನದಲ್ಲಿ ಅವನಿಗೆ ಉಳಿಯುವುದು ಬರಿಯ ನಂಬಿಕೆ. ಹಣ ಹಂಚುವುದು ಗುಪ್ತ ಮತದಾನವಿದ್ದರೂ ನಿಂತಿಲ್ಲವೆಂಬುದು ಭಾರತದಲ್ಲಿ ಎಲ್ಲರೂ ಬಲ್ಲ ವಿಷಯ. ಆದರೆ ಹಣ ಪಡೆದವನೂ ಮರೆಯೊಳಗೆ ಹೋದಾಗ ಮತ್ತೆ ಸ್ವತಂತ್ರನಾಗುತ್ತಾನೆ. ನ್ಯಾಸವನ್ನು ಕಾಪಾಡುವ ಬಾಗಿಲು ಕೊನೆಯ ಗಳಿಗೆಯವರೆಗೂ ಅವನಿಗೆ ತೆರೆದಿರುತ್ತದೆ.

ಈ ದೃಷ್ಟಿಯಿಂದ ‘ಮತದಾನ’ ಎಂಬ ಶಬ್ದವನ್ನೂ ಪರಿಶೀಲಿಸಬಹುದು. ದಾನವೆಂದರೆ ತನ್ನದನ್ನು ಕೊಡುವುದು. ನ್ಯಾಸವೆಂದರೆ ಪರರದನ್ನು ಕಾಯುವುದು. ಮಿಲ್ಲನಿಗೆ ಈ ಶಬ್ದ ಸಮ್ಮತವಾಗುತ್ತಿರಲಿಲ್ಲ. ಆದರೆ ದಾನಗಳಲ್ಲಿ ಗುಪ್ತದಾನ ಶ್ರೇಷ್ಠವೆಂಬ ಭಾವನೆ ಈ ನಾಡಿನಲ್ಲಿ ಬಹುಕಾಲದಿಂದ ಇದೆ. ಕೊಟ್ಟವನು ಯಾರೆಂದು ತಿಳಿಯದಿದ್ದರೆ ಪಡೆದವನು ಋಣ ತೀರಿಸಲು ಬರುವುದಿಲ್ಲ, ಕೊಟ್ಟವನು ಪ್ರತಿಫಲ ಕೇಳಲು ಹೋಗುವುದಿಲ್ಲ. ಗೆದ್ದ ಅಭ್ಯರ್ಥಿಗೂ ಮತದಾರನಿಗೂ ಇರಬೇಕಾದ ಸಂಬಂಧ ಇದೇ ಅಲ್ಲವೇ?

೪

ಗುಪ್ತತೆಯನ್ನು ಪೂರ್ತಿಯಾಗಿ ತಳ್ಳದೆ, ಪೂರ್ತಿಯಾಗಿ ಒಪ್ಪದೆ ಇರುವ ಮಧ್ಯಮಾರ್ಗವೊಂದನ್ನು ಮಿಲ್ಲನಿಗಿಂತ ಬಹು ಹಿಂದೆ ಸಿಸೆರೊ ಸೂಚಿಸಿದ್ದನು. ರೋಮಿನಲ್ಲಿ ಕ್ರಿ. ಪೂ. ೧೩೯ರ ಗಾಬಿನಿಯಸನ ಶಾಸನದಿಂದ ಮೊದಲುಗೊಂಡು, ಬಾಯಿಮಾತಿನ ಮತದ ಬದಲು ಮೇಣ ಬಳಿದ ಹಲಗೆಯ ಮೇಲೆ ಗುರುತು ಮಾಡುವ ಪದ್ಧತಿ ಒಂದೊಂದಾಗಿ ಚುನಾವಣೆಗೂ ನ್ಯಾಯವಿಚಾರಣೆಗೂ ಶಾಸನರಚನೆಗೂ ಬಂದಿತು. ಹಲಗೆಯನ್ನು ಯಾರೂ ಇಣುಕಿ ನೋಡದಿರಲೆಂದು, ಮತದಾರರು ಸಾಗಿ ಹೋಗುವ ಕಾಲುಹಾದಿಯನ್ನು ಕಿರಿದುಗೊಳಿಸುವ ಶಾಸನವನ್ನು ಮಾರಿಯಸ್ ಕ್ರಿ. ಪೂ. ೧೧೯ರಲ್ಲಿ ತಂದನು. ಸಿಸೆರೊ ಶಾಸನಗಳನ್ನು ಕುರಿತ ತನ್ನ ಸಂವಾದಗ್ರಂಥದ ಮೂರನೆಯ ಭಾಗದಲ್ಲಿ ಈ ವಿಷಯವನ್ನು ಚರ್ಚಿಸಿದ್ದಾನೆ. ಹಲಗೆಯ ಪದ್ಧತಿಯಿಂದ ಗಣ್ಯರ ಪ್ರಭಾವವೆಲ್ಲ ಹಾಳಾಯಿತೆಂದು ತಮ್ಮ ಕ್ವಿಂಟಸನ ಬಾಯಲ್ಲಿ ನುಡಿಸಿ, ತಾನು ಒಂದು ಸಂಧಾನವನ್ನು ಮುಂದಿಡುತ್ತಾನೆ: ಜನರಿಗೆ ಹಲಗೆಯಿರಲಿ, ಆದರೆ ಅದನ್ನು ಅವರು ಗಣ್ಯರಿಗೆ ತೋರಿಸುವಂತಿರಲಿ. ಹೀಗೆ ಸ್ವಾತಂತ್ರ್ಯದ ತೋರಿಕೆಯೂ ಉಳಿಯುತ್ತದೆ, ಗಣ್ಯರ ಅಧಿಕಾರವೂ ಉಳಿಯುತ್ತದೆ.

ಈ ಸಂಧಾನದ ಮೋಸ ‘ತೋರಿಸಬಹುದು’ ಎಂಬ ಕ್ರಿಯಾಪದದಲ್ಲಿ ಅಡಗಿದೆ. ಮನಸ್ಸಿದ್ದವನು ತೋರಿಸಬಹುದು ಎಂದಾದ ಕೂಡಲೇ ತೋರಿಸದವನು ಸಂಶಯಕ್ಕೆ ಪಾತ್ರನಾಗುತ್ತಾನೆ. ಆಳು ಒಡೆಯನಿಗೆ, ಸಾಲಗಾರನು ಸಾಹುಕಾರನಿಗೆ, ಕೆಲಸಗಾರನು ಮುಕಾದಮನಿಗೆ ‘ಇಷ್ಟಪಟ್ಟು’ ತೋರಿಸಬೇಕಾಗುತ್ತದೆ. ಆದುದರಿಂದ ಗುಪ್ತತೆ ಬರಿಯ ಹಕ್ಕಾಗಿದ್ದರೆ ಸಾಲದು, ಬಿಟ್ಟುಕೊಡಲಾರದ ನಿಯಮವಾಗಿರಬೇಕು. ಮತದಾರನು ತಾನು ಯಾರಿಗೆ ಮತ ಕೊಟ್ಟೆನೆಂದು ಹೇಳಲು ಸ್ವತಂತ್ರ. ಆದರೆ ಅದನ್ನು ರುಜುವಾತುಪಡಿಸುವ ಸಾಧನ ಅವನ ಕೈಯಲ್ಲಿರಬಾರದು. ಮಾತಿಗೆ ಅಡ್ಡಿಯಿಲ್ಲ, ಸಾಕ್ಷ್ಯಕ್ಕೆ ಆಸ್ಪದವಿಲ್ಲ. ಗುಪ್ತ ಮತದಾನದ ಸಾರವೆಲ್ಲ ಇಷ್ಟೇ.

೫

ಭಾರತದ ಚುನಾವಣಾ ವ್ಯವಸ್ಥೆ ಈ ಸಾರವನ್ನು ಆರಂಭದಿಂದಲೇ ಗ್ರಹಿಸಿತ್ತು. ೧೯೫೧-೫೨ರ ಮೊದಲ ಮಹಾಚುನಾವಣೆಯಲ್ಲಿ ಸುಮಾರು ೧೭ ಕೋಟಿ ಮತದಾರರಿದ್ದರು. ೧೯೫೧ರ ಜನಗಣತಿಯಂತೆ ದೇಶದಲ್ಲಿ ಅಕ್ಷರಸ್ಥರು ನೂರಕ್ಕೆ ಇಪ್ಪತ್ತಕ್ಕೂ ಕಡಿಮೆ. ಓದಬಾರದವನು ಮತ್ತೊಬ್ಬನ ನೆರವು ಬೇಡಿದರೆ ಗುಟ್ಟು ಉಳಿಯದು. ಆದ್ದರಿಂದ ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆಯಿಟ್ಟು, ಅದರ ಮೇಲೆ ಚಿಹ್ನೆಯನ್ನು ಅಂಟಿಸಿ, ಯಾವ ಗುರುತನ್ನೂ ಮಾಡದೆ ಚೀಟಿಯನ್ನು ಮರೆಯಲ್ಲಿ ಹಾಕಿ ಬರುವ ಏರ್ಪಾಡು ಮಾಡಲಾಯಿತು. ಗುರುತಿಲ್ಲದ ಚೀಟಿಯನ್ನು ಹೊರಗೆ ಒಯ್ದು ಮಾರುವ ಸಾಧ್ಯತೆ ಇದರ ಒಂದು ಕೊರತೆ. ೧೯೬೨ರ ಮಹಾಚುನಾವಣೆಯ ಹೊತ್ತಿಗೆ ಚೀಟಿಯ ಮೇಲೆಯೇ ಮುದ್ರೆಯೊತ್ತುವ ಪದ್ಧತಿ ಬಂದಿತು.

ಆ ಮೊದಲ ಚುನಾವಣೆಯ ಇನ್ನೊಂದು ಸಂಗತಿ ಇಲ್ಲಿ ಸ್ಮರಣೀಯ. ಮತದಾರರ ಪಟ್ಟಿ ಮಾಡಲು ಹೋದವರಿಗೆ ತಮ್ಮ ಹೆಸರನ್ನು ಹೇಳಲೊಪ್ಪದೆ, ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಹೇಳಿದ ಸುಮಾರು ೨೮ ಲಕ್ಷ ಸ್ತ್ರೀಯರ ಹೆಸರುಗಳನ್ನು ಪಟ್ಟಿಯಿಂದ ಕೈಬಿಡಬೇಕಾಯಿತು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನರು ಅಂತಹ ನಮೂದನ್ನು ಒಪ್ಪಲಿಲ್ಲ. ಅದು ಕಠಿಣವೆನಿಸಿದರೂ ಅದರ ಹಿಂದೆ ಒಂದು ತತ್ತ್ವವಿದೆ. ಹೆಸರು ಬಹಿರಂಗವಾಗದೆ ಮತ ಗುಪ್ತವಾಗಲಾರದು. ಗಂಡನ ಹೆಸರಿನ ಹಿಂದೆ ಮರೆಯಾದವಳ ಮತ ಗಂಡನ ಮತವೇ ಆಗುವ ಅಪಾಯವಿದೆ.

೧೯೫೧ರ ಪ್ರಜಾಪ್ರಾತಿನಿಧ್ಯ ಕಾಯಿದೆಯ ೯೪ನೆಯ ವಿಧಿಯಂತೆ, ಯಾರಿಗೆ ಮತ ಕೊಟ್ಟೆಯೆಂದು ಯಾವ ಸಾಕ್ಷಿಯನ್ನೂ ಒತ್ತಾಯಿಸಿ ಕೇಳುವಂತಿಲ್ಲ. ೧೨೮ನೆಯ ವಿಧಿಯಂತೆ, ಗುಟ್ಟನ್ನು ಹೊರಗೆಡಹುವ ಮತಗಟ್ಟೆಯ ಅಧಿಕಾರಿಗಳೂ ಏಜೆಂಟರೂ ಶಿಕ್ಷಾರ್ಹರು. ಯಾರಿಗೂ ಮತ ಕೊಡಲೊಲ್ಲದವನು ಅಧಿಕಾರಿಯ ಮುಂದೆ ಅದನ್ನು ದಾಖಲೆ ಮಾಡಿಸಬೇಕಾಗಿದ್ದ ನಿಯಮವನ್ನು ಸರ್ವೋಚ್ಚ ನ್ಯಾಯಾಲಯ ೨೦೧೩ರಲ್ಲಿ ಗುಪ್ತತೆಗೆ ವಿರುದ್ಧವೆಂದು ಸಾರಿ, ‘ನೋಟಾ’ ಗುಂಡಿಗೆ ದಾರಿ ಮಾಡಿತು. ನಿರಾಕರಣೆಯೂ ಒಂದು ಮತ, ಅದಕ್ಕೂ ಮರೆ ಬೇಕು ಎಂಬುದು ಈ ತೀರ್ಪಿನ ಹಿರಿಮೆ. ಈಚಿನ ಮತಯಂತ್ರದ ಖಾತ್ರಿಚೀಟಿ ಗಾಜಿನ ಹಿಂದೆ ಏಳು ಸೆಕೆಂಡು ಕಂಡು ಒಳಗೆ ಬೀಳುತ್ತದೆ. ಮತದಾರನಿಗೆ ಸಮಾಧಾನವುಂಟು, ಕೈಯಲ್ಲಿ ಒಯ್ಯುವ ಪುರಾವೆಯಿಲ್ಲ.

ಹೀಗಿದ್ದರೂ ಎರಡು ಕಡೆ ಗೆರೆ ಓರೆಯಾಗಿದೆ. ಮಿಲ್ಲನ ನ್ಯಾಸದ ವಾದ ನಿಜವಾಗಿ ಸಲ್ಲುವುದು ಮತದಾರನಿಗಿಂತ ಹೆಚ್ಚಾಗಿ ಪ್ರತಿನಿಧಿಗೆ. ಅವನು ಇತರರಿಂದ ಆರಿಸಲ್ಪಟ್ಟವನು. ಅವನ ಮತವನ್ನು ತಿಳಿಯುವ ಹಕ್ಕು ಆರಿಸಿದವರಿಗೆ ಇದೆ. ೨೦೦೩ರ ತಿದ್ದುಪಡಿ ರಾಜ್ಯಸಭೆಯ ಚುನಾವಣೆಯಲ್ಲಿ ಶಾಸಕರ ಮತವನ್ನು ಮುಕ್ತವಾಗಿಸಿತು. ಸರ್ವೋಚ್ಚ ನ್ಯಾಯಾಲಯ ೨೦೦೬ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ಶಾಸಕನು ಚೀಟಿಯನ್ನು ತೋರಿಸಬೇಕಾದದ್ದು ತನ್ನ ಪಕ್ಷದ ಏಜೆಂಟನಿಗೆ, ತನ್ನನ್ನು ಆರಿಸಿದ ಜನಕ್ಕಲ್ಲ. ಇದು ಮಿಲ್ಲನ ಬಹಿರಂಗವಲ್ಲ, ಸಿಸೆರೊವಿನ ಸಂಧಾನ. ಜನತೆಯ ಜಾಗದಲ್ಲಿ ಪಕ್ಷ ಕುಳಿತಿದೆ.

ಇನ್ನೊಂದು ಕಡೆ, ಗುಪ್ತವಾಗಿರಬೇಕಾದದ್ದು ಅರ್ಧ ಬಯಲಾಗುತ್ತಿದೆ. ಕಾಗದದ ಚೀಟಿಗಳಿದ್ದ ಕಾಲದಲ್ಲಿ, ಅಗತ್ಯ ಕಂಡ ಕಡೆ ಹಲವು ಮತಗಟ್ಟೆಗಳ ಚೀಟಿಗಳನ್ನು ಬೆರೆಸಿ ಎಣಿಸಲು ನಿಯಮದಲ್ಲಿ ಅವಕಾಶವಿತ್ತು. ಯಂತ್ರ ಬಂದ ಮೇಲೆ ಎಣಿಕೆ ಮತಗಟ್ಟೆವಾರಾಗಿ ನಡೆದು, ಫಲವೂ ಹಾಗೆಯೇ ಪ್ರಕಟವಾಗುತ್ತದೆ. ಸಾವಿರ, ಸಾವಿರದ ಇನ್ನೂರು ಮತದಾರರ ಒಂದು ಕೇರಿ ಯಾವ ಕಡೆ ವಾಲಿತೆಂಬುದು ಗೆದ್ದವನಿಗೂ ಸೋತವನಿಗೂ ಅಂಗೈಯಲ್ಲಿರುತ್ತದೆ. ವ್ಯಕ್ತಿಯ ಗುಟ್ಟು ಉಳಿದು ಕೇರಿಯ ಗುಟ್ಟು ರಟ್ಟಾದರೆ ನೀರು, ರಸ್ತೆ, ದೀಪಗಳ ಹಂಚಿಕೆಯಲ್ಲಿ ಸೇಡಿಗೆ ಆಸ್ಪದವಾಗುತ್ತದೆ. ಹದಿನಾಲ್ಕು ಮತಗಟ್ಟೆಗಳವರೆಗಿನ ಯಂತ್ರಗಳ ಮೊತ್ತವನ್ನು ಒಟ್ಟಾಗಿ ತೋರಿಸುವ ‘ಟೋಟಲೈಜರ್’ ಉಪಕರಣವನ್ನು ಚುನಾವಣಾ ಆಯೋಗ ೨೦೦೮ರಲ್ಲಿ ಸೂಚಿಸಿತು. ಕಾನೂನು ಆಯೋಗ ೨೦೧೫ರ ತನ್ನ ೨೫೫ನೆಯ ವರದಿಯಲ್ಲಿ ಅದನ್ನು ಬೆಂಬಲಿಸಿತು. ಆದರೆ ೨೦೨೪ರ ಮಹಾಚುನಾವಣೆಯಲ್ಲಿಯೂ ಎಣಿಕೆ ಹಳೆಯ ರೀತಿಯಲ್ಲಿಯೇ ನಡೆಯಿತು.

೬

ಪರಪ್ರಾಂತದ ಕನ್ನಡಿಗನಿಗೆ ಈ ಚರ್ಚೆ ಕೇವಲ ತಾತ್ತ್ವಿಕವಲ್ಲ. ೧೯೫೦ರ ಪ್ರಜಾಪ್ರಾತಿನಿಧ್ಯ ಕಾಯಿದೆಯಂತೆ ಒಬ್ಬನು ಸಾಮಾನ್ಯವಾಗಿ ವಾಸಿಸುವ ಕ್ಷೇತ್ರದಲ್ಲಿ ಮಾತ್ರ ಅವನ ಹೆಸರು ದಾಖಲಾಗತಕ್ಕದ್ದು. ಊರಿನಲ್ಲಿ ಮನೆಯಿದೆ ಎಂಬುದೊಂದೇ ಅದಕ್ಕೆ ಆಧಾರವಾಗದು. ಆದ್ದರಿಂದ ಧಾರವಾಡದಲ್ಲಿಯೋ ಉಡುಪಿಯಲ್ಲಿಯೋ ಹಿರಿಯರ ಮನೆಯುಳ್ಳವನ ಮತ ಮುಂಬಯಿಯದು, ಪುಣೆಯದು, ಹೈದರಾಬಾದಿನದು. ಊರಿನ ವಿಷಯದಲ್ಲಿ ಅವನಿಗೆ ಅಭಿಪ್ರಾಯವೆಂಬ ಮತವುಂಟು, ಪೆಟ್ಟಿಗೆಗೆ ಹಾಕುವ ಮತವಿಲ್ಲ. ನೆಲೆಸಿದ ನಗರದಲ್ಲಿ ಪೆಟ್ಟಿಗೆಯ ಮತವುಂಟು, ಆದರೆ ಅಭಿಪ್ರಾಯವನ್ನು ಕೇಳುವವರು ಅಪರೂಪ. ಒಂದೇ ಶಬ್ದದ ಎರಡು ಅರ್ಥಗಳು ಅವನ ಬಾಳಿನಲ್ಲಿ ಎರಡು ರಾಜ್ಯಗಳಿಗೆ ಹಂಚಿಹೋಗಿವೆ.

ನಗರದಲ್ಲಿ ಅವನಿಗೆ ಮತಗಟ್ಟೆಯ ಮರೆ ಉಳಿದವರಿಗಿಂತ ಹೆಚ್ಚು ಬೇಕಾದ ಸಂದರ್ಭಗಳಿದ್ದವು. ಶಿವಸೇನೆ ೧೯೬೬ರಲ್ಲಿ ಹುಟ್ಟಿದ ಅನಂತರ ಮುಂಬಯಿಯಲ್ಲಿ ದಕ್ಷಿಣ ಭಾರತೀಯರ ವಿರುದ್ಧ ಪ್ರಚಾರ ನಡೆದಾಗ, ಅದೇ ವರ್ಷ ನೇಮಕವಾದ ಮಹಾಜನ ಆಯೋಗ ೧೯೬೭ರಲ್ಲಿ ಗಡಿಯ ವಿಷಯವಾಗಿ ವರದಿ ಕೊಟ್ಟಾಗ, ಚಾಳಿನ ಕನ್ನಡಿಗನು ನೆರೆಯವನೊಡನೆ ರಾಜಕೀಯ ಆಡದೆ ಇರುವುದು ಹೇಡಿತನವಲ್ಲ, ವಿವೇಕ. ಅಂತಹವನಿಗೆ ಮತಪೆಟ್ಟಿಗೆಯೊಂದೇ ನಿರ್ಭಯವಾದ ಮಾತು. ಒಂದು ಭಾಷೆಯವರೇ ಹೆಚ್ಚಾಗಿರುವ ಓಣಿಗಳಿಗೆ ಮತಗಟ್ಟೆವಾರು ಎಣಿಕೆ ತರಬಹುದಾದ ಅಪಾಯವೂ ಇಲ್ಲಿ ಸ್ಪಷ್ಟವಾಗುತ್ತದೆ. ಭಾಷಾ ಅಲ್ಪಸಂಖ್ಯಾತರ ಸಂಘಗಳು ಎಣಿಕೆಯ ಪದ್ಧತಿಯನ್ನು ತಮ್ಮ ಪ್ರಶ್ನೆಯೆಂದು ಭಾವಿಸಬೇಕಾದ ಕಾರಣ ಇದೇ.

ಆದರೆ ವಿವೇಕ ಅಭ್ಯಾಸವಾಗಿ, ಅಭ್ಯಾಸ ಆಲಸ್ಯವಾಗಿ ಇಳಿಯುವುದುಂಟು. ಮಿಲ್ಲನ ಆಕ್ಷೇಪದಲ್ಲಿ ಉಳಿದ ಸತ್ಯ ಇಲ್ಲಿದೆ. ಯಾರಿಗೂ ಕಾರಣ ಹೇಳಬೇಕಾಗಿಲ್ಲದವನು ತನಗೆ ತಾನೇ ಕಾರಣ ಹೇಳಿಕೊಳ್ಳುವುದನ್ನೂ ಮರೆಯಬಹುದು. ‘ಸಂಘದಲ್ಲಿ ರಾಜಕೀಯ ಬೇಡ’ ಎಂಬ ಕಟ್ಟಳೆ ಸಂಸ್ಥೆಗೆ ಒಳ್ಳೆಯದು. ಪಕ್ಷಗಳ ಕೈಗೆ ಸಿಕ್ಕಿ ಸಂಘ ಒಡೆಯದಂತೆ ಅದು ಕಾಯುತ್ತದೆ. ಅದು ‘ಸಂಘದವರಿಗೆ ಅಭಿಪ್ರಾಯ ಬೇಡ’ ಎಂಬ ಅರ್ಥಕ್ಕೆ ತಿರುಗಿದರೆ ಹಾನಿ. ಊರಿನ ಶಾಲೆಗಳಲ್ಲಿ ಕನ್ನಡದ ಸ್ಥಿತಿ, ನದಿಗಳ ನೀರು, ಗಡಿನಾಡಿನ ಜನರ ಕಷ್ಟ, ಇವುಗಳ ಮೇಲೆ ಪರಪ್ರಾಂತದವನಿಗೆ ಇರುವ ಏಕೈಕ ಸಾಧನ ಬಹಿರಂಗವಾದ, ಕಾರಣಸಹಿತವಾದ ಮಾತು. ಅಲ್ಲಿ ಅವನ ಮೌನವನ್ನು ಎಣಿಸುವ ಪೆಟ್ಟಿಗೆಯಿಲ್ಲ.

ಮತಗಟ್ಟೆಯಲ್ಲಿ ಬೆರಳಿಗೆ ಹಚ್ಚುವ ಶಾಯಿ ೧೯೬೨ರಿಂದ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗಿ ದೇಶದ ಎಲ್ಲೆಡೆಗೂ ಹೋಗುತ್ತಿದೆ. ಮುಂಬಯಿಯ ಕನ್ನಡಿಗನ ಬೆರಳಿಗೂ ಅದೇ ಶಾಯಿ. ಅವನು ಮತ ಕೊಟ್ಟನೆಂಬುದನ್ನು ಅದು ಲೋಕಕ್ಕೆಲ್ಲ ಸಾರುತ್ತದೆ. ಯಾರಿಗೆ ಕೊಟ್ಟನೆಂಬುದನ್ನು ಹೇಳುವುದಿಲ್ಲ. ಹೊಣೆ ಬಹಿರಂಗ, ಆಯ್ಕೆ ಗುಪ್ತ ಎಂಬ ಈ ವಿಂಗಡಣೆ ಮಿಲ್ಲನಿಗೆ ಹೊಳೆಯದೆ ಹೋದದ್ದು. ಆಯ್ಕೆಯ ಹಿಂದಿನ ವಿಚಾರವಾದರೋ ಶಾಯಿಯೂ ಹೇಳಲಾರದ, ಕಾನೂನೂ ಕೇಳಲಾರದ ಮೂರನೆಯ ವಿಷಯ. ಅದನ್ನು ಮಾತಿನಲ್ಲಿ, ಬರೆಹದಲ್ಲಿ ಹೊರತರುವ ಭಾರ ಮತದಾರನ ಮೇಲೆಯೇ ಉಳಿಯುತ್ತದೆ.